ಹಾಫ್‌ಟೈಮಿನ ಸತ್ಕಾರ

ಗದಗ ಬೇರೆ ಜಿಲ್ಲೆಯಾಗಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ನಾನು ಬೆಟಗೇರಿಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ಸಂಜೆ ಹೊತ್ತು ಊರಿನ ಫುಟ್‌ಬಾಲ್ ಕ್ಲಬ್ಬಿಗೆ ಕೋಚ್. ಮೂವತ್ತು ವರ್ಷಕ್ಕೂ ಮಿಕ್ಕಿ ಸೀಟಿ ಊದಿದವನು ನಾನು. ಎಷ್ಟೋ ಪಂದ್ಯಗಳು ಮರೆತೇಹೋಗಿವೆ. ಲಕ್ಷ್ಮೇಶ್ವರದ ಆ ಫೈನಲ್ ನೆನೆದರೆ ಮಾತ್ರ ಇವತ್ತಿಗೂ ಮೈ ಉರಿಯುತ್ತದೆ.

ಮಕ್ತುಮ್ ನಮ್ಮ ರೈಟ್ ವಿಂಗರ್. ವಿಂಗರ್ ಎಂದರೆ ಮೈದಾನದ ಅಂಚಿನ ಗೆರೆಗುಂಟ ಚೆಂಡು ಒಯ್ದು ಗೋಲಿನ ಮುಂದಿರುವವರಿಗೆ ಒದಗಿಸುವ ಆಟಗಾರ. ಅವನ ಬಂಡವಾಳವೆಲ್ಲ ಓಟ. ಮಕ್ತುಮನಿಗೆ ಆಗ ಇಪ್ಪತ್ತು ವಯಸ್ಸು, ಕ್ಲಬ್ಬಿಗೆ ಆಡತೊಡಗಿದ ಮೊದಲ ಸೀಸನ್. ತಂದೆ ಬೆಟಗೇರಿಯಲ್ಲಿ ಅರಳೆ ಹಿಂಜಿ ಗಾದಿ ಹೊಲಿಯುತ್ತಿದ್ದರು. ಹುಡುಗ ಮಹಾ ಮುಂಗೋಪಿ. ಎದುರಿಗೆ ಬಂದ ಡಿಫೆಂಡರನ್ನು ತಪ್ಪಿಸಿಕೊಂಡು ಹೋಗುವುದು ಅವನಿಗೆ ಗೊತ್ತಿರಲಿಲ್ಲ, ಮೈಮೇಲೆ ಏರಿಯೇ ಹೋಗುತ್ತಿದ್ದ. ಶಿರಹಟ್ಟಿಯಲ್ಲಿ ರೆಫರಿಯ ಜೊತೆ ಜಗಳಾಡಿ ರೆಡ್ ಕಾರ್ಡ್ ತಿಂದು ಆಟದ ನಡುವೆಯೇ ಹೊರಗೆ ಬಂದ. ಕ್ಲಬ್ಬಿನ ಅಧ್ಯಕ್ಷರು ಕ್ಷಮೆ ಕೇಳು ಅಂದರು, ಕೇಳಲಿಲ್ಲ. ಅಪ್ಪ ಹೇಳಿದರು, ಊಹೂಂ. ನಾನು "ಹೋಗಲೇ, ಕೈ ಮುಗದ ಬಾ" ಅಂದೆ. ಹೋಗಿ ಮುಗಿದು ಬಂದ. ಅವತ್ತಿನಿಂದ ನನಗೊಂದು ಜಂಬ: ಈ ಹುಡುಗ ನನ್ನೊಬ್ಬನನ್ನು ಬಿಟ್ಟು ಯಾರಿಗೂ ಬಗ್ಗುವುದಿಲ್ಲ.

ಫೈನಲ್ಲಿನಲ್ಲಿ ನಮ್ಮೆದುರು ಮುಂಡರಗಿಯ ತಂಡ. ಹುಬ್ಬಳ್ಳಿಯಿಂದ ಒಬ್ಬ ಸೆಲೆಕ್ಟರ್ ಬಂದಿದ್ದರು. ಒಂದು ದೊಡ್ಡ ಸಂಸ್ಥೆಯ ತಂಡಕ್ಕೆ ಆಟಗಾರರನ್ನು ಆರಿಸುವವರು. ಆರಿಸಿದರೆ ಕ್ರೀಡಾ ಕೋಟಾದಲ್ಲಿ ಕಾಯಂ ನೌಕರಿ. ಮೊದಲರ್ಧದಲ್ಲಿ ಮಕ್ತುಮ್ ಒಂದು ಗೋಲು ಹೊಡೆದ, ಇನ್ನೊಂದು ಹೊಡೆಸಿದ. ಸೆಲೆಕ್ಟರ್ ನನ್ನ ಹತ್ತಿರ ಬಂದು, "ಮಾಸ್ತರ, ಹುಡುಗ ಭಾರಿ ಅದಾನ. ಸೆಕೆಂಡ್ ಹಾಫ್‌ನ್ಯಾಗೂ ಸಿಟ್ಟು ಹಿಡತದಾಗ ಇಟಗೊಂಡು ಹಿಂಗ ಆಡಿದ್ರ ಹೆಸರು ಬರಕೊಂಡು ಹೋಗ್ತೇನಿ" ಅಂದರು.

ಹಾಫ್‌ಟೈಮ್ ಅಂದರೆ ಹದಿನೈದು ನಿಮಿಷ. ಆದರೆ ನಮ್ಮ ಕಡೆ ಪಂದ್ಯ ಇಡುವುದೇ ಸತ್ಕಾರಕ್ಕೆ. ಹೊಸ ಜಿಲ್ಲೆ ಬೇರೆ. ಖಾತೆಗೊಬ್ಬ ಹೊಸ ಸಾಹೇಬರು, ಸಂಘಕ್ಕೊಬ್ಬ ಹೊಸ ಅಧ್ಯಕ್ಷರು. ಒಬ್ಬರಿಗೆ ಹಾರ ಹಾಕಿ ಇನ್ನೊಬ್ಬರನ್ನು ಬಿಟ್ಟರೆ ವರ್ಷಗಟ್ಟಲೆ ಮುನಿಸು. ಎರಡೂ ತಂಡಗಳನ್ನು ವೇದಿಕೆಯ ಮುಂದೆ ಸಾಲಾಗಿ ನಿಲ್ಲಿಸಿದರು. ಶಾಲು, ಹಾರ, ತೆಂಗಿನಕಾಯಿ, ಫೋಟೊ; ಮತ್ತೆ ಶಾಲು, ಮತ್ತೆ ಹಾರ. ಹುಡುಗರ ಬೆವರಿದ ಮೈಗೆ ಚಳಿಗಾಲದ ಥಂಡಿ ಗಾಳಿ ಬಡಿಯುತ್ತಿತ್ತು. ಒಬ್ಬರಂತೂ 'ಎರಡೇ ಮಾತು' ಎಂದು ಮೈಕ್ ಹಿಡಿದು, ಆಟದಿಂದ ಆರೋಗ್ಯ ಹೇಗೆ ಬರುತ್ತದೆಂದು ಉದ್ದಕ್ಕೆ ವಿವರಿಸಿದರು. ಆರೋಗ್ಯವಂತೆ, ಆರೋಗ್ಯ!

ಮಕ್ತುಮ್ ಸಾಲು ಬಿಟ್ಟು ಹಿಂದೆ ಸರಿದು, ನಿಂತಲ್ಲೇ ಜಿಗಿಯತೊಡಗಿದ. ವೇದಿಕೆಯ ಮೇಲಿನವರು ನನ್ನತ್ತ ಕಣ್ಣು ಬಿಟ್ಟರು. ನಾನು ಅವನ ಹತ್ತಿರ ಓಡಿದೆ.

"ಸರ, ಕಾಲು ಸೆಟಗೊಳ್ಳಾಕ ಹತ್ತ್ಯಾವ್ರಿ. ಆ ಗೋಲ್‌ಪೋಸ್ಟ್ ತನಕಾ ಓಡಿ ಬರ್ತೇನ್ರಿ," ಅಂದ.

"ಲೇ, ಸೆಲೆಕ್ಟರ್ ನೋಡಾಕ ಹತ್ಯಾರ. ಇದನ್ನ ಸೊಕ್ಕು ಅಂತಾರ. ಸುಮ್ಮ ನಿಂದ್ರು."

ನಿಂತ. ಕೈ ಹಿಂದೆ ಕಟ್ಟಿಕೊಂಡು, ಮಿಸುಕದೆ ನಿಂತ. ಅಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಬಂತು. ನಾನೂ ವೇದಿಕೆ ಹತ್ತಿ, ಹಲ್ಲು ಕಿರಿದು, ಬಗ್ಗಿ ಶಾಲು ಹೊದಿಸಿಕೊಂಡೆ. ತಣ್ಣಗಾದ ಸ್ನಾಯುವನ್ನು ಮತ್ತೆ ವಾರ್ಮ್‌-ಅಪ್, ಅಂದರೆ ಹಗುರ ಓಟದಿಂದ ಬಿಸಿ ಮಾಡದೆ ಆಡಿಸಬಾರದು. ಇದು ನಮ್ಮ ತರಬೇತಿಯಲ್ಲಿ ಮೊದಲ ವಾರದ ಪಾಠ. ನಾನೇ ಸಾವಿರ ಸಲ ಬಾಯಿ ಬಡಿದುಕೊಂಡು ಹೇಳಿದ್ದು!

ಐವತ್ತು ನಿಮಿಷದ ಮೇಲೆ, ಕತ್ತಲಾಗುತ್ತದೆಂದು ಅವಸರದಲ್ಲಿ ಆಟ ಶುರು ಮಾಡಿದರು. ಮೊದಲ ಚೆಂಡೇ ಮಕ್ತುಮನಿಗೆ. ನಾಲ್ಕು ಹೆಜ್ಜೆ ಕಿತ್ತಿರಬೇಕು, ತೊಡೆ ಹಿಡಿದುಕೊಂಡು ಬಿದ್ದ. ಅವನ ಹತ್ತಿರ ಎದುರಾಳಿ ಒಬ್ಬನೂ ಇರಲಿಲ್ಲ. ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂದಿನ ಸ್ನಾಯು, ಎಲುಬಿನಿಂದಲೇ ಕಿತ್ತುಬಂದಿದೆ ಎಂದರು ಹುಬ್ಬಳ್ಳಿಯ ಡಾಕ್ಟರು. "ನಡೀತಾನ. ಆದ್ರ ಅಂಥಾ ಓಟ ಇನ್ನ ಮರತ ಬಿಡ್ರಿ." ಸೆಲೆಕ್ಟರ್ ಮುಂಡರಗಿಯ ಒಬ್ಬ ಹುಡುಗನ ಹೆಸರು ಬರೆದುಕೊಂಡು ಹೋಗಿದ್ದರು. ನಮ್ಮ ವಿಂಗರನ ಆಟ ಒಂದೇ ಸೀಸನ್ನಿಗೆ ಮುಗಿಯಿತು.

ಸಂಘಟಕರು ಏನಂದರು ಗೊತ್ತೇ? "ದೃಷ್ಟಿ ಆತ್ರಿ ಮಾಸ್ತರ." ದೃಷ್ಟಿಯಂತೆ! ಬಾಯಿಗೆ ಬಂದಂತೆ ಬೈದೆ. ಬೈದು ಏನು ಬಂತು, ನನ್ನ ಹೆಗಲ ಮೇಲೂ ಅವರದೇ ಶಾಲಿತ್ತು.

ಮುಂದಿನ ವರ್ಷದಿಂದ ಹಾಫ್‌ಟೈಮಿಗೆ ನಮ್ಮ ಹುಡುಗರನ್ನು ವೇದಿಕೆಯ ಹತ್ತಿರವೂ ಸುಳಿಯಗೊಡಲಿಲ್ಲ. 'ಸೊಕ್ಕಿನ ಮಾಸ್ತರ' ಎನಿಸಿಕೊಂಡೆ. ಒಂದೆರಡು ಕಡೆ ನಮ್ಮ ತಂಡವನ್ನು ಕರೆಯುವುದನ್ನೇ ಬಿಟ್ಟರು. ಬಿಡಲಿ. ಮಾತು ಕೇಳುವ ಹುಡುಗರನ್ನು ತಯಾರು ಮಾಡುವುದೇ ನನ್ನ ಕಸುಬು ಎಂದುಕೊಂಡಿದ್ದೆ. ಕೇಳುವವನಿಗೆ ಏನು ಹೇಳುತ್ತೇನೆಂದು ಮೊದಲು ನಾನು ಯೋಚಿಸಬೇಕೆಂಬುದನ್ನು ಕಲಿಯಲು ಒಬ್ಬನ ಕಾಲು ಹೋಗಬೇಕಾಯಿತು.

ನಿವೃತ್ತನಾದ ವಾರವೇ ಮಕ್ತುಮನ ಗಾದಿ ಅಂಗಡಿಗೆ ಹೋದೆ. ಗಾದಿಯವರು ನೆಲದ ಮೇಲೆ ಕುಳಿತು ಹೊಲಿಯುತ್ತಾರೆ. ಅವನು ಎತ್ತರದ ಮೇಜು ಮಾಡಿಸಿಕೊಂಡು ನಿಂತು ಹೊಲಿಯುತ್ತಿದ್ದ. ಆ ಕಾಲು ಮಡಚಿ ಬಹಳ ಹೊತ್ತು ಕೂರಲಾಗದು. ನನಗೆ ಕುರ್ಚಿ ಹಾಕಿದ, ಚಹಾ ತರಿಸಿದ. ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಕೊನೆಗೂ ಆಡಿದೆ: "ತಪ್ಪು ನಂದು, ಮಕ್ತುಮ್."

ಸೂಜಿ ನಿಲ್ಲಿಸಿ ನನ್ನನ್ನು ನೋಡಿದ. ಹಳೆಯ ಸಿಟ್ಟು ಮುಖದಲ್ಲಿ ಹಾಗೇ ಇತ್ತು.

"ಹೌದ್ರಿ ಸರ. ಎಲ್ಲಾರ ಮಾತೂ ಮೀರಿದ್ನಿ, ನಿಮ್ಮದೊಂದ ಮೀರಲಿಲ್ಲ. ಅವತ್ತ ಅದನ್ನೂ ಮೀರಬೇಕಿತ್ತು."