ಓದದೆ ಆರಿಸಿದ ಪಾತ್ರ

ಎಂಬತ್ತರ ದಶಕದಲ್ಲಿ ನಾವು ಅಮೆರಿಕದ ಸನ್ನಿವೇಲ್‌ನಲ್ಲಿದ್ದೆವು. ನಾನು ಊರಿನಲ್ಲಿ ಏಳನೇ ಕ್ಲಾಸಿಗೇ ಓದು ಬಿಟ್ಟವನು, ಇಲ್ಲಿ ಗ್ರೋಸರಿ ಅಂಗಡಿಯಲ್ಲಿ ಡಬ್ಬ ಜೋಡಿಸುತ್ತಿದ್ದೆ. ತಂಗಿ ಹೈಸ್ಕೂಲಿನಲ್ಲಿದ್ದಳು. ಅವಳ ಕ್ಲಾಸಿನ ಹುಡುಗರು ಶನಿವಾರ ಹತ್ತಿರದ ಊರಾದ ಕ್ಯಾಂಪ್‌ಬೆಲ್‌ನಲ್ಲಿ ಸೇರಿ, ದಾಳ ಉರುಳಿಸಿ ರಾಕ್ಷಸರೊಡನೆ ಕಾದಾಡುವ ಕಲ್ಪನೆಯ ಆಟ ಆಡುತ್ತಿದ್ದರು. ಒಂದು ದಿನ ಚೆನ್ನಾಗಿ ಆಡಿ ತೋರಿಸಿದರೆ ಅವಳನ್ನೂ ಗುಂಪಿಗೆ ಸೇರಿಸಿಕೊಳ್ಳುವುದಾಗಿ ಹೇಳಿದ್ದರು.

ಅವಳಿಗೆ ಕತ್ತಿಯೂ ಮಂತ್ರವೂ ಬಲ್ಲ ಪಾತ್ರ ಬೇಕಿತ್ತು. ಅದಕ್ಕೆ ಎರಡು ದಾರಿಗಳಿದ್ದವು. ಎಲ್ಫ್ ಎಂಬ ಕಾಡಿನ ಕುಲದವಳಾದರೆ ಎರಡನ್ನೂ ಒಟ್ಟಿಗೆ, ನಿಧಾನವಾಗಿ ಕಲಿಯಬೇಕು. ಮನುಷ್ಯಳಾದರೆ ಮೊದಲು ಕತ್ತಿ ಕಲಿತು, ಅದನ್ನು ನಿಲ್ಲಿಸಿ ಮಂತ್ರಕ್ಕೆ ಬರಬೇಕು.

“ಅಣ್ಣಾ, ನಂಗೆ ನಾಳೆ ಟೆಸ್ಟಿದೆ. ಈ ಆಟದ ರೂಲ್ಸ್ ಬುಕ್ಕಲ್ಲಿ ಈ ಎರಡು ಪೇಜು ಓದಿ ಯಾವ್ದು ಬೆಟರ್ ಅಂತ ಹೇಳ್ತೀಯಾ?”

ನನಗೆ ಅಷ್ಟು ಇಂಗ್ಲಿಷು ಓದಲು ಬಾರದೆಂಬುದನ್ನು ಅವಳಿಂದ ಮುಚ್ಚಿಟ್ಟಿದ್ದೆ. ಚಿತ್ರಗಳನ್ನು ನೋಡಿ ಪುಸ್ತಕ ಮಡಚಿದೆ. ಒಂದು ಕೆಲಸ ಮುಗಿಸಿಯೇ ಇನ್ನೊಂದಕ್ಕೆ ಕೈಹಾಕಬೇಕೆಂದು ಅಪ್ಪ ಹೇಳುತ್ತಿದ್ದದ್ದು ನೆನಪಾಯಿತು.

“ಮನುಷ್ಯಳನ್ನೇ ತಗೋ. ಪೂರ್ತಿ ಓದಿದೀನಿ,” ಎಂದೆ.

ಶನಿವಾರ ಸಂಜೆ ಕರೆತರಲು ಹೋದಾಗ ಅವಳು ಕಾರಿನಲ್ಲಿ ಕೂತು ಹೇಳಿದಳು: “ಆಟದಲ್ಲಿ ಸತ್ತೋದೆ. ಮಂತ್ರಕ್ಕೆ ಬಂದ್ಮೇಲೆ, ಅದು ಕಲಿತ ಕತ್ತಿ ಮಟ್ಟನ ಮೀರೋವರೆಗೂ ಕತ್ತಿ ಮುಟ್ಟೋ ಹಾಗಿಲ್ವಂತೆ. ರಾಕ್ಷಸ ಬಂದಾಗ ಕತ್ತಿ ಸೊಂಟದಲ್ಲೇ ಇತ್ತು, ತೆಗೆಯೋ ಹಾಗಿರ್ಲಿಲ್ಲ. ರೂಲ್ಸೂ ಓದ್ದೆ ಬಂದಿದೀಯಾ ಅಂತ ನಕ್ಕರು. ಇನ್ನು ಕರೆಯಲ್ಲ.”

“ನೀನೇನಂದೆ?”

“ನಾನೇ ಸರಿಯಾಗಿ ಓದ್ಲಿಲ್ಲ ಅಂದೆ.”

ನಾನು ಫ್ರೀವೇ ನೋಡುತ್ತ ಕಾರು ಓಡಿಸಿದೆ. ಆ ಎರಡು ಪುಟಗಳನ್ನು ನಾನು ಓದಿರಲಿಲ್ಲವೆಂದು ಅವಳಿಗೆ ಇವತ್ತಿಗೂ ಹೇಳಿಲ್ಲ.