ಬಾವ್‌ಶಾನ್ ಮೇಷ್ಟ್ರ ಮನೆಯ ಕಿಂಡಿ

ಶೀಗೌ ಊರಿನ ಶಾಲೆಯವರು ವಿದೇಶದಿಂದ ಬಂದ ಟೀಚರ್ ಹುಡುಗಿಗೆ ಕೊಟ್ಟ ಮನೆ ಆ ಸಾಲಿನಲ್ಲೇ ಚೆಂದದ್ದು. ಗುಡ್ಡದ ಮಗ್ಗುಲು ಕೊರೆದು ಕಮಾನು ಕಟ್ಟಿದ ಒಂಟಿ ಕೋಣೆ. ಮುಂದುಗಡೆ ಒಂದೇ ಬಾಗಿಲು, ಮರದ ಚೌಕಗಳಿಗೆ ಗಾಜಿನ ಬದಲು ಕಾಗದ ಅಂಟಿಸಿದ ಒಂದೇ ದೊಡ್ಡ ಕಿಟಕಿ. ಹೊಸದಾಗಿ ಸುಣ್ಣ ಬಳಿಸಿದ್ದರು, ಹೊಸ ಕಬ್ಬಿಣದ ಒಲೆ ಇಡಿಸಿದ್ದರು. ಇಷ್ಟು ಚೆಂದದ ಮನೆ ಇಷ್ಟು ವರ್ಷ ಖಾಲಿ ಯಾಕಿತ್ತು ಎಂದು ಆ ಹುಡುಗಿ ಕೇಳಲಿಲ್ಲ. ಕೇಳಿದ್ದರೂ ಯಾರೂ ಬಾಯಿ ಬಿಡುತ್ತಿರಲಿಲ್ಲ. ದೂರದಿಂದ ಬಂದ ಅತಿಥಿಗೆ ಅಂಥ ಮಾತು ಹೇಳುವುದು ಮರ್ಯಾದೆಯೇ? ಈ ಊರಿನಲ್ಲಿ ಮರ್ಯಾದೆಗೇನೂ ಬರಗಾಲವಿಲ್ಲ.

ರುಯ್ಲಿಯನ್‌ಗೆ ಎಲ್ಲವೂ ಗೊತ್ತಿತ್ತು. ಶಾಲೆಯ ಬಿಸಿನೀರಿನ ಬಾಯ್ಲರ್ ನೋಡಿಕೊಳ್ಳುವವಳು ಅವಳು. ಆ ಮನೆಯಲ್ಲೇ ಸಂಸಾರ ಮಾಡಿದವಳು. ಗಂಡ ಬಾವ್‌ಶಾನ್ ಭೂಗೋಳದ ಮೇಷ್ಟ್ರು. ಒಂದು ಚಳಿಗಾಲ ಅವಳು ತವರಿಗೆ ಹೋಗಿದ್ದಾಗ, ಗಾಳಿ ಕೊರೆಯುತ್ತದೆಂದು ಅವನು ಕಿಟಕಿಯ ಮೇಲಿನ ಮೂಲೆಯಲ್ಲಿ ಕಾಗದ ಅಂಟಿಸದೆ ಬಿಟ್ಟಿದ್ದ ಕಿಂಡಿಗೆ ಹಳೆಯ ಬಟ್ಟೆ ತುರುಕಿ ಮಲಗಿದ. ಒಲೆಯ ಕಲ್ಲಿದ್ದಲಿನ ವಿಷಗಾಳಿ ಕೋಣೆ ತುಂಬಿತು. ಅವಳು ಬಂದು ನೋಡಿದಾಗ ಕುಡಿದು ಮಲಗಿದವನ ಹಾಗೆ ಅವನ ಮುಖ ಕೆಂಪಗಿತ್ತು. ಮಣ್ಣಾದ ಮೇಲೆ ಶಾಲೆಯವರು ಅವಳಿಗೆ ಬಾಯ್ಲರ್ ಕೆಲಸವನ್ನೂ ಅದರ ಪಕ್ಕದ ಗೂಡನ್ನೂ ಕೊಟ್ಟರು. ಅಂದಿನಿಂದ ಊರವರು ಅದನ್ನು 'ಆವತ್ತಿನ ವಿಷಯ' ಎನ್ನುತ್ತಾರೆ, ಅದೂ ಬಾಗಿಲು ಹಾಕಿಕೊಂಡು.

ಹುಡುಗಿ ಐರ್ಲೆಂಡಿನವಳು, ಹೆಸರು ಕ್ಲೋಡಾ. ಊರವರ ನಾಲಿಗೆಗೆ ಅದು ಹೊರಳದೆ ಲುವೋ ಟೀಚರ್ ಆದಳು. ಸಂಬಳವಿಲ್ಲದೆ ಒಂದು ವರ್ಷ ಇಂಗ್ಲಿಷ್ ಕಲಿಸಲು ಬಂದಿದ್ದಳು. ಮೊದಮೊದಲು ಅವಳ ಪಾಡು ನಾಯಿಪಾಡು. ಬಾಗಿಲಿಲ್ಲದ ಕಕ್ಕಸಿನಿಂದ ಅಳುತ್ತಾ ಬಂದಳು. ತಣ್ಣೀರು ಕುಡಿದು ಹೊಟ್ಟೆ ಕೆಡಿಸಿಕೊಂಡಳು. ಸಂತೆಗೆ ಹೋದರೆ ಜನ ವ್ಯಾಪಾರ ಬಿಟ್ಟು ಅವಳನ್ನೇ ನೋಡುತ್ತಿದ್ದರು. "ಊಟ ಆಯ್ತಾ" ಎಂದು ದಾರಿಯಲ್ಲಿ ಕೇಳಿದವರಿಗೆಲ್ಲ ನಿಂತು, ಏನೇನು ತಿಂದೆನೆಂದು ಒಂದೊಂದಾಗಿ ವಿವರಿಸುತ್ತಿದ್ದಳು.

"ಅದು ಬರೀ ಮಾತಿಗೆ ಕೇಳೋದು ಕಣೇ. 'ಹ್ಞೂ, ಆಯ್ತು' ಅಂದು ನಡೀತಾ ಇರು," ಎಂದು ರುಯ್ಲಿಯನ್ ನಕ್ಕಿದ್ದಳು.

"ಆಗ್ದೇ ಇದ್ರೂನಾ, ಚಿಕ್ಕಮ್ಮ?"

"ಆಗ್ದೇ ಇದ್ರೂನೇ."

ಆಮೇಲೆ ಒಂದೊಂದೇ ಕಲಿಸಿದಳು. ಬೆಳಿಗ್ಗೆ ಎದ್ದು ಎರಡು ಫ್ಲಾಸ್ಕಿಗೆ ಬಿಸಿನೀರು ಹಿಡಿಯುವುದು, ಮಲಗುವ ಮುಂಚೆ ಕಾಲು ಬಿಸಿನೀರಿನಲ್ಲಿ ಅದ್ದುವುದು, ಒಳಗೆ ಎರಡು ಉಣ್ಣೆ ಷರಾಯಿ ಹಾಕುವುದು, ನೂಡಲ್ಸಿಗೆ ಹುಳಿಯ ವಿನೆಗರ್ ಸುರಿಯುವುದು. ಒಲೆ ಹೊತ್ತಿಸುವುದು, ಮಲಗುವಾಗ ಒದ್ದೆ ಕಲ್ಲಿದ್ದಲು ಮುಚ್ಚಿ ಬೆಂಕಿಯನ್ನು ಬೆಳಗಿನತನಕ ಉಳಿಸುವುದು. ಹುಡುಗಿ ಚುರುಕು. ಚಳಿ ಹಿಡಿಯುವಷ್ಟರಲ್ಲಿ ಸೂರ್ಯಕಾಂತಿ ಬೀಜವನ್ನು ಹಲ್ಲಲ್ಲೇ ಬಿಡಿಸಿ ಸಿಪ್ಪೆ ಉಗುಳುವುದನ್ನೂ ಕಲಿತಿದ್ದಳು. ಮಕ್ಕಳಿಲ್ಲದ ರುಯ್ಲಿಯನ್‌ಗೆ ಅವಳ ಮೇಲೆ ಜೀವವೇ ಇತ್ತು.

ಕಿಂಡಿಯ ವಿಷಯವನ್ನೂ ಹೇಳಿದ್ದಳು. ಹೇಳಿದ್ದು ಇಷ್ಟೇ.

"ಇದೊಂದು ಚೌಕ ಮುಚ್ಬಾರ್ದು."

"ಯಾಕೆ?"

"ಗಾಳಿ ಆಡ್ಬೇಕು. ಮೈಗೆ ಒಳ್ಳೇದು."

ನಾಲಿಗೆಯ ತುದಿಗೆ ಬಂದ ಉಳಿದ ಮಾತನ್ನು ನುಂಗಿಕೊಂಡಳು. ಆ ಗೋಡೆಗಳ ನಡುವೆ ನಿಂತು ಅದನ್ನಾಡಲು ಅವಳಿಂದಾಗಲಿಲ್ಲ.

ವರ್ಷದ ಕೊನೆಯ ತಿಂಗಳು ಬಂತು. ಶಾಲೆಗೆ ರಜೆ. ಹೊಸವರ್ಷದ ಹಬ್ಬ ನೋಡಿಯೇ ಹೋಗುತ್ತೇನೆಂದು ಲುವೋ ಉಳಿದುಕೊಂಡಳು. ಎಲ್ಲ ಮನೆಗಳಲ್ಲೂ ಕಿಟಕಿಯ ಹಳೆಯ ಕಾಗದ ಹರಿದು ಹೊಸದು ಅಂಟಿಸುವ ಕಾಲ. ಲುವೋ ಮನೆಯಲ್ಲೂ ಅವಳು, ರುಯ್ಲಿಯನ್ ಇಬ್ಬರೂ ಮೈದಾ ಅಂಟು ಕಾಯಿಸಿ, ಮರದ ಚೌಕಟ್ಟಿನ ಒಂದೊಂದು ಚೌಕಕ್ಕೂ ಬಿಳಿಯ ಕಾಗದ ಹಚ್ಚಿದರು. ಮೇಲಿನ ಮೂಲೆಯ ಚೌಕವನ್ನು ರುಯ್ಲಿಯನ್ ಹಾಗೇ ಬಿಟ್ಟಳು.

ಮರುದಿನ ಹೋಗಿ ನೋಡಿದರೆ ಆ ಚೌಕಕ್ಕೂ ಕಾಗದ ಬಿದ್ದಿತ್ತು. ಅದರ ಮೇಲೆ ಕೆಂಪು ಕಾಗದದಲ್ಲಿ ಕತ್ತರಿಸಿದ ಒಂದು ಸೊಟ್ಟ ಮೀನು.

"ನಾನೇ ಮಾಡಿದ್ದು, ಚಿಕ್ಕಮ್ಮ. ನೀವು ಬಿಟ್ಟಿದ್ದ ಚೌಕ ಬೋಳಾಗಿ ಕಾಣ್ತಿತ್ತು."

ರುಯ್ಲಿಯನ್ ಸ್ಟೂಲು ಹತ್ತಿ ಮೀನಿನ ಸಮೇತ ಕಾಗದ ಹರಿದಳು. ಹುಡುಗಿಯ ಮುಖ ಸಣ್ಣಗಾಯಿತು. ಎರಡು ದಿನ ಬಿಟ್ಟು ನೋಡಿದರೆ ಮತ್ತೆ ಮುಚ್ಚಿತ್ತು, ಈ ಸಲ ಎರಡು ಪದರ.

"ಮುಚ್ಬೇಡ ಅಂದಿದ್ನಲ್ಲ."

"ಗಾಳಿ ಒಳ್ಳೇದು, ಗೊತ್ತು. ಆದ್ರೆ ಚಳಿ ಚಿಕ್ಕಮ್ಮ. ಮುಚ್ಚಿದ್ರೆ ಎಷ್ಟು ಒಳ್ಳೆ ನಿದ್ದೆ ಬರತ್ತೆ ಗೊತ್ತಾ? ಬೆಳಿಗ್ಗೆ ಸ್ವಲ್ಪ ತಲೆನೋವು, ಅಷ್ಟೇ."

ರುಯ್ಲಿಯನ್ ಸ್ಟೂಲು ಹತ್ತಿದಳು. ಕಾಗದವನ್ನು ಮತ್ತೆ ಹರಿದು ಹೊರಗೆ ಬಂದಳು. ಇನ್ನು ಹೇಳಲೇಬೇಕು ಎಂದು ನಿರ್ಧರಿಸಿಯೂ ಆಯಿತು. ಆದರೆ ಅಂಗಳದಲ್ಲಿ ಹೆಡ್‌ಮಾಸ್ಟರ ತಾಯಿ ಯಾನ್ ಅಜ್ಜಿ ಬಿಸಿಲು ಕಾಯಿಸುತ್ತಾ ಕೂತಿದ್ದಳು. ಅವಳ ಕಣ್ಣು ತಪ್ಪಿಸಿ ಆ ಸಾಲಿನಲ್ಲಿ ಒಂದು ಇಲಿಯೂ ಓಡಾಡುವ ಹಾಗಿಲ್ಲ.

"ಮುಖ ಯಾಕೆ ಹಂಗೆ ಮಾಡ್ಕೊಂಡಿದೀಯ?"

"ಆ ಹುಡುಗಿ ಕಿಂಡಿ ಮುಚ್ತಾ ಇದ್ದಾಳೆ ಅಜ್ಜಿ. ಬಾವ್‌ಶಾನ್ ವಿಷಯ ಹೇಳ್ಬಿಡ್ತೀನಿ."

"ನಿನಗೇನು ಬುದ್ಧಿ ಗಿದ್ದಿ ಕೆಟ್ಟಿದ್ಯಾ? ಒಲೆದೇವರನ್ನ ಪೂಜೆ ಮಾಡಿ ಸ್ವರ್ಗಕ್ಕೆ ಕಳಿಸಿ ಆಗಿದೆ, ಹಬ್ಬ ಬಾಗಿಲಲ್ಲಿದೆ. ಈಗ ಸಾವಿನ ಸುದ್ದಿ ಬಾಯಲ್ಲಿ ತರ್ತೀಯಾ? ಅದೂ ಪರದೇಶದ ಮಗು ಹತ್ರ? ಹೆದರ್ಕೊಂಡು ಓಡಿ ಹೋದ್ರೆ ನನ್ನ ಮಗ ಮೇಲಿನೋರಿಗೆ ಏನು ಹೇಳ್ಬೇಕು?"

"ಅವಳಿಗೇನಾದ್ರೂ ಆದ್ರೆ?"

"ಥೂ, ಬಿಡ್ತು ಅನ್ನು. ಹಬ್ಬ ಕಳೀಲಿ, ನಾನೇ ಹೇಳ್ತೀನಿ. ಅಲ್ಲೀತನಕ ದಿನಾ ಹೋಗಿ ಹರಿದು ಬಾ."

ರುಯ್ಲಿಯನ್ ಒಪ್ಪಿದಳು. ಇದಕ್ಕೆ ಅಜ್ಜಿಯನ್ನೊಬ್ಬಳನ್ನೇ ದೂರಿ ಫಲವಿಲ್ಲ. ಬೇಡ ಎನ್ನುವವರೊಬ್ಬರು ಸಿಕ್ಕಿದ್ದು ರುಯ್ಲಿಯನ್‌ಗೂ ಹಿತವೇ ಆಗಿತ್ತು. ದಿನಾ ಏನಾದರೊಂದು ನೆಪ ಮಾಡಿಕೊಂಡು ಹೋದಳು, ಕಿಂಡಿಯತ್ತ ಕಣ್ಣು ಹಾಯಿಸಿ ಬಂದಳು. ಹುಡುಗಿಗೂ ಹಟ ಹಿಡಿದಿರಬೇಕು. ಹಗಲು ತೆರೆದೇ ಬಿಟ್ಟು, ಮಲಗುವಾಗ ಮುಚ್ಚತೊಡಗಿದಳು. ಅದು ರುಯ್ಲಿಯನ್‌ಗೆ ಗೊತ್ತಾಗಲಿಲ್ಲ.

ಹಬ್ಬದ ಮುನ್ನಾದಿನ ಸಂಜೆ ಗಾಳಿ ತಿರುಗಿತು. ಮನೆಗಳ ಹೊಗೆ ಮೇಲೇಳದೆ ಅಂಗಳದಲ್ಲೇ ತೆವಳಿತು. ಬಾಯ್ಲರ್ ಬೂದಿ ಬಾಚುತ್ತಿದ್ದ ರುಯ್ಲಿಯನ್ ಕೆಮ್ಮಿ ತಲೆ ಎತ್ತಿದಳು. ಲುವೋ ಮನೆಯ ಕಿಂಡಿ ತೆರೆದೇ ಇತ್ತು. ಸಮಾಧಾನದಿಂದ ಒಳಗೆ ಹೋಗಿ ಹಬ್ಬದ ಅಡಿಗೆಗೆ ಹಿಟ್ಟು ಕಲಸಲು ಕೂತಳು.

ಬೆಳಿಗ್ಗೆ ನೀರು ಕುದಿಯಿತು. ಸಾಲಿನವರೆಲ್ಲ ಬಂದು ಫ್ಲಾಸ್ಕು ತುಂಬಿಸಿಕೊಂಡು ಹೋದರು. ಲುವೋ ಬರಲಿಲ್ಲ. ರುಯ್ಲಿಯನ್ ಸೌಟು ಬಿಸುಟು ನಡೆದಳು, ಆಮೇಲೆ ಓಡಿದಳು.

ಕಿಂಡಿಗೆ ಬಿಳಿಯ ಕಾಗದ ಬಿಗಿಯಾಗಿ ಅಂಟಿತ್ತು. ಬಾಗಿಲಿಗೆ ಒಳಗಿನಿಂದ ಅಗುಳಿ. ಕೂಗಿದರೆ ಉತ್ತರವಿಲ್ಲ. ಹಿಂದೆಯೂ ಹೀಗೇ ಈ ಬಾಗಿಲ ಮುಂದೆ ನಿಂತು, ಬಾಗಿಲು ಒಡೆಯಲು ಮರ್ಯಾದೆಗೆ ಅಂಜಿ ಯಾರನ್ನಾದರೂ ಕರೆತರಲು ಹೋಗಿದ್ದಳು. ಇಂದು ಹೋಗಲಿಲ್ಲ. ಕಲ್ಲಿದ್ದಲು ಕೆದಕುವ ಕಬ್ಬಿಣದ ಸಲಾಕೆ ತಂದು ಚೌಕಟ್ಟಿಗೆ ಬಡಿದಳು. ಮರ ಮುರಿಯಿತು, ಕಾಗದ ಹರಿಯಿತು. ಒಳಗೆ ಹತ್ತಿ, ಉಸಿರು ಬಿಗಿಹಿಡಿದು, ಬಾಗಿಲು ತೆಗೆದು, ಹುಡುಗಿಯ ಕಂಕುಳಿಗೆ ಕೈ ಹಾಕಿ ಹಿಮದ ಮೇಲೆ ಎಳೆದು ತಂದಳು. ಹುಡುಗಿಯ ಮುಖ ಕೆಂಪಗಿತ್ತು.

"ಉಸಿರಾಡು," ಎಂದು ಕೆನ್ನೆಗೆ ಹೊಡೆದಳು. "ಉಸಿರಾಡೇ."

ಎಷ್ಟೋ ಹೊತ್ತಿನ ಮೇಲೆ ಹುಡುಗಿ ವಾಂತಿ ಮಾಡಿ ಕಣ್ಣು ಬಿಟ್ಟಳು. ಅಷ್ಟರಲ್ಲಿ ಅಂಗಳವೆಲ್ಲ ಸೇರಿತ್ತು. ಹೆಡ್‌ಮಾಸ್ಟರು ತಮ್ಮ ಹೊಸ ಕೋಟು ತೆಗೆದು ಅವಳಿಗೆ ಹೊದಿಸಿ, ಜೀಪು ತರಲು ಒಬ್ಬನನ್ನು ಓಡಿಸಿದರು.

"ಏನಾಯ್ತು ನಂಗೆ?" ಲುವೋ ಪಿಸುಗುಟ್ಟಿದಳು.

"ಏನಿಲ್ಲ ಮಗಾ, ಶೀತ ಹತ್ತಿದೆ," ಎಂದಳು ಯಾನ್ ಅಜ್ಜಿ. "ಶುಂಠಿ ನೀರು ಕುಡಿದ್ರೆ ಸರಿಹೋಗತ್ತೆ."

"ಹೌದು, ಶೀತ. ಈ ವರ್ಷ ಚಳಿ ಜಾಸ್ತಿ," ಎಂದರು ಹೆಡ್‌ಮಾಸ್ಟರು. ಎಲ್ಲರೂ ತಲೆಯಾಡಿಸಿದರು.

ಹುಡುಗಿಯ ತಲೆ ರುಯ್ಲಿಯನ್‌ಳ ತೊಡೆಯ ಮೇಲಿತ್ತು. ಅವಳ ಎರಡೂ ಕೈ ಹಿಡಿದುಕೊಂಡು ರುಯ್ಲಿಯನ್ ಹೇಳಿದಳು.

"ಶೀತ ಅಲ್ಲ. ನೀನು ಸಾಯ್ತಾ ಇದ್ದೆ. ಒಲೆಯ ವಿಷಗಾಳಿ. ಕಿಂಡಿ ಮುಚ್ಚಿದ್ದಕ್ಕೆ ನನ್ನ ಗಂಡ ಇದೇ ಮನೇಲಿ ಸತ್ತ."

"ರುಯ್ಲಿಯನ್," ಎಂದು ಅಜ್ಜಿ ಗದರಿದಳು.

"ಇವ್ರಿಗೆಲ್ಲ ಗೊತ್ತಿತ್ತು. ನಂಗೂ ಗೊತ್ತಿತ್ತು."

ಲುವೋ ತನ್ನ ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಕೊನೆಗೆ ರುಯ್ಲಿಯನ್‌ಳನ್ನು ನೋಡಿದಳು. ಆಮೇಲೆ, ಇನ್ನೂ ಸರಿಯಾಗಿ ತ್ರಾಣವಿಲ್ಲದ ತನ್ನ ಕೈಗಳನ್ನು ಅವಳ ಕೈಯಿಂದ ಬಿಡಿಸಿಕೊಂಡಳು.