ಜೇಬಿನಲ್ಲಿ ಉಳಿದ ಕೀಲಿ

ಈ ಪರದೇಶದ ಸ್ಟರ್ಲಿಂಗ್ ಊರಿನ ಸಬ್‌ಸ್ಟೇಷನ್ನಿನಲ್ಲಿ ರಿಪೇರಿ ಮುಗಿಸಿ ಮನೆಗೆ ಬಂದು ನೋಡಿದರೆ ಜೇಬಿನಲ್ಲಿ ಕೀಲಿ. ಯಾರೂ ಕರೆಂಟ್ ಹಾಕದಿರಲೆಂದು ಬ್ರೇಕರ್ ಸ್ವಿಚ್ಚಿಗೆ ನಾನೇ ಹಾಕಿ, ತೆಗೆಯಲು ಮರೆತು ಬಂದ ಬೀಗದ್ದು.

ಬಾಗಲಕೋಟೆ ಕಡೆ ಅಪ್ಪ ಸಬ್‌ಸ್ಟೇಷನ್ ಆಪರೇಟರ್ ಆಗಿದ್ದರು. ಸಹಿ ಹಾಕಿ, ಲೈನ್ ಬಂದ್ ಮಾಡಿಸಿ ಕಂಬ ಹತ್ತಿದ ಲೈನ್‌ಮನ್, ಇಳಿದ ಮೇಲೆ ತಾನೇ ಬಂದು ಮತ್ತೆ ಸಹಿ ಹಾಕಬೇಕಿತ್ತು. ಒಮ್ಮೆ ಕೆಲಸ ಮುಗಿಯಿತೆಂದು ಫೋನ್ ಬಂದರೂ ಅಪ್ಪ ಸ್ವಿಚ್ ಮುಟ್ಟಲಿಲ್ಲ.

"ಊರೆಲ್ಲ ಬೈಯಾಕ ಹತ್ತೈತಿ, ಹಾಕಬಾರದೇನ್ರಿ?" ಬುತ್ತಿ ತಂದ ಅವ್ವ ಸಿಡುಕಿದಳು.

"ಅಂವ ಬರ್ಲಿ. ಮಾರಿ ನೋಡೇ ಹಾಕ್ತೀನಿ."

ಬಿಸಿಲಲ್ಲಿ ಸೈಕಲ್ ತುಳಿದು ಬಂದವನಿಗೆ ಅಪ್ಪ ಮೊದಲು ನೀರು ಕೊಟ್ಟರು.

ಈಗ ನನಗೂ ಫೋನ್ ಬಂತು. ನಮ್ಮ ಸೂಪರ್‌ವೈಸರ್, ಮೈಸೂರಿನ ಹುಡುಗಿ.

"ಬೀಗ ಕಟ್ ಮಾಡಿಸಿಬಿಡಮ್ಮ" ಎಂದೆ.

"ಇಲ್ಲ ಅಂಕಲ್, ನೀವೇ ಡ್ರೈವ್ ಮಾಡ್ಕೊಂಡು ಬನ್ನಿ. ನಿಮ್ಮನ್ನ ನೋಡದೆ ಆನ್ ಮಾಡಲ್ಲ."

ಕೀಲಿ ಜೇಬಿಗಿಟ್ಟು ಶೂ ಹಾಕಿಕೊಂಡೆ.